ನೀರು ಬಂತು, ತನಿಖೆ ಬರಲಿಲ್ಲ

ನಾನು ಎಂ.ಎ. ಓದಿದ್ದೂ ಪಿಎಚ್.ಡಿ.ಗೆ ಸೇರಿದ್ದೂ ನಮ್ಮ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ. 2016ರ ಜನವರಿ 17ರಂದು ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದ ರೋಹಿತ್ ವೇಮುಲ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಹಾಸ್ಟೆಲಿನಲ್ಲಿ ಯಾರಿಗೂ ಅದು ದೂರದ ಊರಿನ ಸಂಗತಿ ಅನ್ನಿಸಲಿಲ್ಲ. ಹಾಸ್ಟೆಲ್‌ನಿಂದ ಹೊರಹಾಕಿಸಿಕೊಂಡ ರೋಹಿತ್ ಸೇರಿದಂತೆ ಐವರು ದಲಿತ ಸಂಶೋಧಕರು ಕ್ಯಾಂಪಸ್ಸಿನಲ್ಲೇ ಟೆಂಟು ಹಾಕಿ ಅದನ್ನು ವೆಲಿವಾಡ, ಅಂದರೆ ದಲಿತರ ಕೇರಿ, ಎಂದು ಕರೆದಿದ್ದರು. ರೋಹಿತ್‌ಗೆ ತಿಂಗಳುಗಟ್ಟಲೆ ಫೆಲೋಶಿಪ್ ಬಂದಿರಲಿಲ್ಲ. ನಮ್ಮಲ್ಲೂ ಹಲವರಿಗೆ ಬಂದಿರಲಿಲ್ಲ.

ನಮ್ಮ ಧರಣಿ ಶುರುವಾದದ್ದು ಮಾತ್ರ ನೀರಿಗಾಗಿ. ಬೇಸಿಗೆ ಹತ್ತಿರವಾದಂತೆ ಹಾಸ್ಟೆಲಿನ ಬೋರ್‌ವೆಲ್ ಬತ್ತಿತು. ಆಡಳಿತ ಭವನದ ಮೆಟ್ಟಿಲ ಮೇಲೆ ಕೂತ ಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ವಿಭಾಗದ ಕತೆ ಬಿಚ್ಚಿದರು. ಗ್ರಂಥಾಲಯಕ್ಕೆ ಹೊಸ ಪತ್ರಿಕೆ ಬರುತ್ತಿಲ್ಲ. ಸೆಮಿಸ್ಟರ್ ಅರ್ಧ ಕಳೆದರೂ ಅತಿಥಿ ಉಪನ್ಯಾಸಕರ ನೇಮಕ ಆಗಿಲ್ಲ. ಆಮೇಲೆ ದನಿ ತಗ್ಗಿಸಿ ಹೇಳುವ ಮಾತುಗಳು ಹೊರಬಂದವು. ಒಬ್ಬ ಅಧ್ಯಾಪಕರು ಹಾಜರಿ ಕರೆಯುವಾಗ ಹೆಸರಿನ ಜೊತೆಗೆ ಕೆಟಗರಿಯನ್ನೂ ಗಟ್ಟಿಯಾಗಿ ಓದುತ್ತಿದ್ದರು. ಇನ್ನೊಂದು ವಿಭಾಗದಲ್ಲಿ ಪರಿಶಿಷ್ಟ ಜಾತಿಯ ಸಂಶೋಧಕಿಯ ಅಧ್ಯಾಯಗಳು ಗೈಡ್ ಮೇಜಿನ ಮೇಲೆ ಧೂಳು ತಿನ್ನುತ್ತಿದ್ದವು. ಅವಳ ನಂತರ ಸೇರಿದವರ ಸಿನಾಪ್ಸಿಸ್ ಆಗಲೇ ಸಲ್ಲಿಕೆಯಾಗಿತ್ತು.

ಮನವಿ ಪತ್ರದಲ್ಲಿ ಇವೆಲ್ಲವೂ ಸೇರಿದವು. ಮೊದಲ ಸುತ್ತಿನ ಮಾತುಕತೆಯಲ್ಲೇ ಟ್ಯಾಂಕರ್ ಮಂಜೂರಾಯಿತು. ಫ್ಯಾನುಗಳ ರಿಪೇರಿಗೂ ಒಪ್ಪಿಗೆ ಸಿಕ್ಕಿತು. ಜಾತಿ ತಾರತಮ್ಯದ ದೂರಿನ ಸಾಲಿಗೆ ಬಂದಾಗ ಅಧಿಕಾರಿಗಳು ಹಾಳೆ ಮಗುಚಿಟ್ಟು, "ಅದನ್ನ ನಾವು ಕರೆದು ಮಾತಾಡ್ತೀವಿ, ಬರವಣಿಗೆಯಲ್ಲಿ ಬೇಡ" ಎಂದರು. ಅರ್ಧದಷ್ಟು ಹುಡುಗರು ಗೆದ್ದೆವೆಂದು ರೂಮಿಗೆ ಹೋದರು. ನೀರು ಎಲ್ಲರ ಬೇಡಿಕೆ, ತಾರತಮ್ಯ ಕೆಲವರ ಬೇಡಿಕೆ ಎಂಬ ಎಣಿಕೆ ನಮ್ಮೊಳಗೂ ಇತ್ತು. ಆಡಳಿತಕ್ಕೆ ಅದು ಚೆನ್ನಾಗಿ ಗೊತ್ತಿತ್ತು.

ಸೌಲಭ್ಯಗಳ ಕೊರತೆ, ತಾರತಮ್ಯ ಇವೆರಡೂ ಒಂದೇ ರೋಗದ ಎರಡು ಲಕ್ಷಣ ಎಂಬುದು ನನಗೆ ಮನದಟ್ಟಾದದ್ದು ಆ ಸಂಶೋಧಕಿಯ ಪ್ರಕರಣದ ಬೆನ್ನು ಹತ್ತಿದಾಗ. ಆ ವಿಭಾಗದಲ್ಲಿ ಕಾಯಂ ಪ್ರಾಧ್ಯಾಪಕರೆಂದು ಉಳಿದವರು ಇಬ್ಬರೇ. ಉಳಿದ ಹುದ್ದೆಗಳೆಲ್ಲ ಖಾಲಿ, ಪಾಠ ಮಾಡುವವರು ಅತಿಥಿ ಉಪನ್ಯಾಸಕರು. ಗೈಡ್ ಅವರೇ, ಇಂಟರ್ನಲ್ ಮಾರ್ಕ್ಸ್ ಅವರೇ, ವೈವಾ ಮಂಡಳಿಗೆ ಹೆಸರು ಕಳಿಸುವವರೂ ಅವರೇ. ಗೈಡ್ ಬದಲಿಸಿ ಎಂದರೆ ಆ ಇಬ್ಬರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಅನ್ಯಾಯ ಕಣ್ಣಾರೆ ಕಂಡ ಅತಿಥಿ ಉಪನ್ಯಾಸಕರೊಬ್ಬರು ನನ್ನ ಬಳಿ ಅತ್ತರು; ಆದರೆ ಮುಂದಿನ ವರ್ಷದ ಗುತ್ತಿಗೆ ಆ ಇಬ್ಬರ ಕೈಯಲ್ಲೇ ಇದ್ದುದರಿಂದ ದೂರಿಗೆ ಸಹಿ ಹಾಕಲಿಲ್ಲ. ಅವರನ್ನು ದೂರಲು ನನಗೆ ಇಂದಿಗೂ ಮನಸ್ಸು ಬಾರದು. ಹುದ್ದೆ ಭರ್ತಿ ಮಾಡದ ಸರ್ಕಾರ ಪಾಠದ ಗುಣಮಟ್ಟವನ್ನಷ್ಟೇ ಕೆಡಿಸುವುದಿಲ್ಲ, ಜಾತಿಯ ದರ್ಪಕ್ಕೆ ಕಾವಲೂ ಒದಗಿಸುತ್ತದೆ. ಗ್ರಂಥಾಲಯ ಸತ್ತರೆ ದುಡ್ಡಿದ್ದವರು ಪುಸ್ತಕ ಕೊಳ್ಳುತ್ತಾರೆ, ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ. ಕೂಲಿ ಮಾಡುವವರ ಮಕ್ಕಳಿಗೆ ಈ ಸರ್ಕಾರಿ ವಿಶ್ವವಿದ್ಯಾಲಯವನ್ನು ಬಿಟ್ಟರೆ ಬೇರೆ ಜಾಗವಿಲ್ಲ.

ಕಾನೂನು ಓದುತ್ತಿದ್ದ ಗೆಳೆಯನೊಬ್ಬ ಯುಜಿಸಿಯ 2012ರ ಸಮಾನತಾ ನಿಯಮಾವಳಿಯನ್ನು ಹುಡುಕಿ ತಂದ. ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕ ಇರಬೇಕು, ಪ್ರಾಧ್ಯಾಪಕ ದರ್ಜೆಗೆ ಕಡಿಮೆಯಿಲ್ಲದ ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು, ದೂರು 60 ದಿನಗಳೊಳಗೆ ಇತ್ಯರ್ಥವಾಗಬೇಕು ಎಂದು ಅದರಲ್ಲಿತ್ತು. ತರಗತಿಯಲ್ಲಿ ಜಾತಿ ಹೆಸರು ಓದುವುದು, ಮೌಲ್ಯಮಾಪನವನ್ನು ಬೇಕೆಂದೇ ತಡಮಾಡುವುದು, ಮೆಸ್ಸಿನಲ್ಲಿ ಬೇರೆ ಕೂರಿಸುವುದು, ಇವೆಲ್ಲ ತಾರತಮ್ಯ ಎಂದು ಅದು ಬಿಡಿಸಿ ಹೇಳುತ್ತಿತ್ತು. ಅದನ್ನು ಓದಿದ ರಾತ್ರಿ ನಮ್ಮ ಭಾಷೆಯೇ ಬದಲಾಯಿತು. ದಯವಿಟ್ಟು ಗಮನಿಸಿ ಎಂದು ಬರೆಯುತ್ತಿದ್ದವರು, ನಿಮ್ಮ ನಿಯಮ ಇದು, ಅಧಿಕಾರಿ ಯಾರು ಎಂದು ಕೇಳತೊಡಗಿದೆವು. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆವು. ಉತ್ತರದ ಜೊತೆ ಅಧಿಕಾರಿಯ ನೇಮಕದ ಆದೇಶವೂ ಬಂತು. ಆದೇಶದ ದಿನಾಂಕ ನಮ್ಮ ಅರ್ಜಿಯ ನಂತರದ್ದು.

ಹೋರಾಟದ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಮೈಕ್ ಹಿಡಿದವರ ಹಾಜರಾತಿ ಪ್ರಮಾಣಪತ್ರಕ್ಕೆ ಸಹಿ ಬೀಳಲಿಲ್ಲ, ಸ್ಕಾಲರ್‌ಶಿಪ್ ಅರ್ಜಿ ಮುಂದೆ ಹೋಗಲಿಲ್ಲ. ಆದ್ದರಿಂದ ಮುಂದಿನ ಮನವಿಗಳಿಗೆ ಪ್ರಬಂಧ ಸಲ್ಲಿಸಿ ಮುಗಿಸಿದವರು ಮೊದಲು ಸಹಿ ಹಾಕಿದರು. ದೂರು ಕೊಟ್ಟವಳನ್ನು ವೇದಿಕೆಗೆ ಕರೆಯಲಿಲ್ಲ, ಅವಳ ಹೆಸರು ಬ್ಯಾನರಿನ ಮೇಲೆ ಬರಲಿಲ್ಲ. ನಮ್ಮ ರಾಜ್ಯದ ಕ್ಯಾಂಪಸ್ಸುಗಳಲ್ಲಿ ದಶಕಗಳಿಂದ ವಿದ್ಯಾರ್ಥಿ ಸಂಘದ ಚುನಾವಣೆ ಇಲ್ಲ. "ನೀವು ಯಾರ ಪರವಾಗಿ ಬಂದಿದ್ದೀರಿ?" ಎಂದು ಕೇಳಿದರೆ ತೋರಿಸಲು ಸಹಿಗಳ ಹಾಳೆ ಬಿಟ್ಟು ಬೇರೇನೂ ಇರುವುದಿಲ್ಲ. ಅದಕ್ಕೇ ಪ್ರತಿ ಹಾಳೆಗೂ ಇನ್‌ವರ್ಡ್ ನಂಬರ್, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು.

ಧರಣಿಗೆ ಬಂದಿದ್ದ ಹಿರಿಯರೊಬ್ಬರು 1973ರ ಬೂಸಾ ಚಳವಳಿಯ ದಿನಗಳನ್ನು ನೆನೆದರು. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬ ಆಗಿನ ಸಚಿವ ಬಸವಲಿಂಗಪ್ಪನವರ ಒಂದು ಮಾತಿಗೆ ಕ್ಯಾಂಪಸ್ಸುಗಳು ಹೊತ್ತಿ ಉರಿದಾಗ ದಲಿತ ವಿದ್ಯಾರ್ಥಿಗಳು ಏಟು ತಿಂದರು, ಆ ಕಾವಿನಿಂದಲೇ ದಲಿತ ಸಂಘರ್ಷ ಸಮಿತಿಗೆ ಯುವಕರು ಬಂದರು ಎಂದರು. ಅಂದು ಏಟು ತಿಂದವರ ಮೊಮ್ಮಕ್ಕಳ ವಯಸ್ಸಿನವರು ಇಂದು ಅದೇ ಹಾಸ್ಟೆಲುಗಳಲ್ಲಿದ್ದಾರೆ.

ಆ ಸಂಶೋಧಕಿಗೆ ಕೊನೆಗೆ ಬೇರೆ ವಿಭಾಗದ ಗೈಡ್ ಸಿಕ್ಕರು, ಪದವಿಯೂ ಬಂತು. ಅವಳ ದೂರಿನ ತನಿಖೆಯ ವರದಿ ಮಾತ್ರ ಯಾರ ಕೈಗೂ ಸಿಗಲಿಲ್ಲ. ಈಗ ಓದುತ್ತಿರುವವರಲ್ಲಿ ನನ್ನದೊಂದು ಕೋರಿಕೆ: ಬೇಡಿಕೆ ಪಟ್ಟಿ ಬರೆಯುವಾಗ ತಾರತಮ್ಯದ ದೂರನ್ನು ಮೊದಲ ಸಾಲಿನಲ್ಲಿಡಿ, ಅದಕ್ಕೆ ಲಿಖಿತ ಉತ್ತರ ಸಿಗುವವರೆಗೆ ನೀರಿನ ಟ್ಯಾಂಕರ್ ಬಂದರೂ ಏಳಬೇಡಿ. ನಿಮ್ಮಲ್ಲಿ ತಾರತಮ್ಯದ ದೂರು ಆಲಿಸಬೇಕಾದ ಅಧಿಕಾರಿ ಯಾರು, ಈವರೆಗೆ ಎಷ್ಟು ದೂರು ಇತ್ಯರ್ಥವಾಗಿವೆ ಎಂದು ಈ ವಾರವೇ ಬರೆದು ಕೇಳಿ. ಕರ್ನಾಟಕದಲ್ಲಿ ಮಾಹಿತಿ ಹಕ್ಕು ಅರ್ಜಿಯ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ, 150 ಪದ ಮೀರದಿರಲಿ.