ಮನೆಯನ್ನು ಓದುವ ವಿದ್ಯೆ



ಭದ್ರಾವತಿಯಲ್ಲಿ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ತಾಯಿಯೊಬ್ಬರು ಮಗಳನ್ನು ನನ್ನ ಮುಂದೆ ನಿಲ್ಲಿಸಿ, "ಫಾದರ್, ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆ. ಆದರೂ ಗೃಹವಿಜ್ಞಾನ ಓದುತ್ತಾಳಂತೆ. ಅನ್ನ ಸಾರು ಮಾಡುವುದನ್ನು ನಾನೇ ಕಲಿಸುವುದಿಲ್ಲವೇ?" ಎಂದರು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಬುದ್ಧಿ ಹೇಳಬೇಕಾದದ್ದು ಮಗಳಿಗೋ ತಾಯಿಗೋ ಎಂದು ನಾನು ಒಂದು ಕ್ಷಣ ಯೋಚಿಸಿದೆ. ಅಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಗೃಹವಿಜ್ಞಾನವೆಂದರೆ ಅಡುಗೆ ಹೊಲಿಗೆ ಎಂದೇ ನಾವು ತಿಳಿದಿದ್ದೇವೆ. ಆಹಾರ ಮತ್ತು ವಸ್ತ್ರ ಅದರ ಎರಡು ಶಾಖೆಗಳು, ನಿಜ. ಮತ್ತೊಂದು ಶಾಖೆಯ ಹೆಸರು ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ. ಮಗು ಹೇಗೆ ಬೆಳೆಯುತ್ತದೆ, ದಂಪತಿಗಳ ನಡುವೆ ಮಾತು ಯಾಕೆ ನಿಲ್ಲುತ್ತದೆ, ವೃದ್ಧರ ಆರೈಕೆ ಯಾರ ಪಾಲಿಗೆ ಬರುತ್ತದೆ, ಮನೆಯ ಯಜಮಾನನ ಕೆಲಸ ಹೋದರೆ ಏನೇನು ಕದಲುತ್ತದೆ ಎಂಬುದನ್ನು ಇದು ಅಳೆದು, ಕೇಳಿ, ಬರೆದು ತಿಳಿಯುತ್ತದೆ.

ಕೆಲಸ ಹೋಗುವ ವಿಷಯ ಭದ್ರಾವತಿಯವರಿಗೆ ನಾನು ವಿವರಿಸಬೇಕಿಲ್ಲ. 1918ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆ ಈ ಊರಿಗೆ ಅನ್ನ ಕೊಟ್ಟಿತು. ಕಾಗದ ಕಾರ್ಖಾನೆಯ ಯಂತ್ರಗಳು ಕಳೆದ ದಶಕದಲ್ಲೇ ನಿಂತವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಪ್ರಕಟವಾದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಆ ದಿನಗಳಲ್ಲಿ ನಾನು ಒಂದು ಮನೆಗೆ ಹೋಗಿದ್ದೆ. ತಂದೆ ಗೋಡೆ ನೋಡುತ್ತಾ ಕುಳಿತಿದ್ದ, ಮಕ್ಕಳು ಒಳಗೆ ಪಿಸುಗುಟ್ಟುತ್ತಿದ್ದರು. ತತ್ತ್ವಶಾಸ್ತ್ರ, ದೈವಶಾಸ್ತ್ರ ಎರಡನ್ನೂ ಓದಿದ ನನಗೆ ಆ ಮನೆಯಲ್ಲಿ ಏನು ಕೇಳಬೇಕೆಂದೇ ತೋಚಲಿಲ್ಲ. ಪ್ರಾರ್ಥನೆ ಮಾಡಿ, ಕಾಫಿ ಕುಡಿದು ಬಂದೆ. ಪ್ರಾರ್ಥನೆ ವ್ಯರ್ಥವೆಂದು ಹೇಳುತ್ತಿಲ್ಲ. ಆದರೆ ಆ ಮೌನವನ್ನು ಓದಬಲ್ಲವರೊಬ್ಬರು ಜೊತೆಗಿದ್ದಿದ್ದರೆ ಎಂದು ಇಂದಿಗೂ ಅನಿಸುತ್ತದೆ.

ಅಂಥವರು ಇದ್ದಾರೆ. ಗ್ಲೆನ್ ಎಲ್ಡರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಬೆಳೆದ ಓಕ್‌ಲ್ಯಾಂಡ್ ನಗರದ ಮಕ್ಕಳ ಬದುಕನ್ನು ವರ್ಷಗಳ ದಾಖಲೆ ಹಿಡಿದು ಪರಿಶೀಲಿಸಿದರು. ಆದಾಯ ಕುಸಿದ ಮನೆಗಳಲ್ಲಿ ನಿರ್ಧಾರಗಳು ತಾಯಿಯ ಕಡೆಗೆ ವಾಲಿದವು. ಗಂಡುಮಕ್ಕಳು ಸಣ್ಣಪುಟ್ಟ ದುಡಿಮೆಗೂ ಹೆಣ್ಣುಮಕ್ಕಳು ಮನೆಗೆಲಸಕ್ಕೂ ಇಳಿದರು. ಹಾಗೆಂದು ಆ ಮಕ್ಕಳೆಲ್ಲ ಹಾಳಾಗಲಿಲ್ಲ, ಅನೇಕರು ಗಟ್ಟಿಯಾಗಿಯೇ ಬೆಳೆದರು. ಅವರ ಮುಂದಿನ ಅಧ್ಯಯನಗಳು ಇನ್ನೊಂದು ಮಾತು ತಿಳಿಸಿದವು: ಮಕ್ಕಳಿಗೆ ಹೆಚ್ಚು ಪೆಟ್ಟು ತಟ್ಟಿದ್ದು ಬರಿಯ ಹಣದ ಕೊರತೆಯಿಂದಲ್ಲ, ಆ ಕೊರತೆ ತಂದೆಯಲ್ಲಿ ಹುಟ್ಟಿಸಿದ ಸಿಡುಕಿನಿಂದ. ಭದ್ರಾವತಿಯ ಮನೆಗಳ ಕುರಿತು ಇಂಥ ಒಂದು ಗ್ರಂಥವನ್ನು ಯಾರು ಬರೆಯಬೇಕು? ನಮ್ಮ ಮಕ್ಕಳಲ್ಲವೇ?

ಇದಕ್ಕೆ ಧರ್ಮಸಭೆಯ ಒಪ್ಪಿಗೆ ಇದೆಯೇ ಎಂದು ಕೇಳುವವರಿಗೆ: 1965ರಲ್ಲೇ ದ್ವಿತೀಯ ವ್ಯಾಟಿಕನ್ ಮಹಾಸಭೆ ವೈದ್ಯಕೀಯ, ಸಮಾಜವಿಜ್ಞಾನ, ಮನಃಶಾಸ್ತ್ರಗಳನ್ನು ಬಲ್ಲವರು ಕುಟುಂಬಕ್ಕೆ ನೆರವಾಗಬೇಕೆಂದು ಬಯಸಿತು. ಕುಟುಂಬಗಳ ತೊಡಕುಗಳನ್ನು ಎದುರಿಸುವ ತರಬೇತಿ ಗುರುಗಳಲ್ಲಿ ಸಾಲದೆಂಬ ಮಾತನ್ನು ಪೋಪ್ ಫ್ರಾನ್ಸಿಸ್ 2016ರ ತಮ್ಮ ಪ್ರಬೋಧನೆಯಲ್ಲಿ ಮರೆಮಾಚಲಿಲ್ಲ. (ಅದನ್ನು ಓದಿದಾಗ ನನಗೆ ನೋವಿಗಿಂತ ನೆಮ್ಮದಿಯೇ ಹೆಚ್ಚಾಯಿತು.) ಮರುವರ್ಷ ಅವರು ಸಂತ ದ್ವಿತೀಯ ಜಾನ್ ಪೌಲರ ಹೆಸರಿನ ರೋಮಿನ ಸಂಸ್ಥೆಯನ್ನು ಪುನರ್‌ರಚಿಸಿದಾಗ 'ಕುಟುಂಬ ವಿಜ್ಞಾನಗಳು' ಎಂಬ ಮಾತು ಅದರ ಹೆಸರಿನಲ್ಲೇ ಸೇರಿತು.

ಇನ್ನು ದಾರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗೃಹವಿಜ್ಞಾನ ಕಾಲೇಜು ಇಂದು ಸಮುದಾಯ ವಿಜ್ಞಾನ ಕಾಲೇಜು ಎಂಬ ಹೆಸರು ಪಡೆದಿದೆ. ಪಿಯುಸಿ ವಿಜ್ಞಾನ ಓದಿದವರಿಗೆ ಅಲ್ಲಿ ನಾಲ್ಕು ವರ್ಷದ ಪದವಿ ಇದೆ, ಮುಂದೆ ಕುಟುಂಬ ಅಧ್ಯಯನದಲ್ಲಿಯೇ ಎಂ.ಎಸ್ಸಿ. ಮಾಡಬಹುದು. ಅಷ್ಟು ದೂರ ಕಳಿಸಲಾಗದಿದ್ದರೆ ಶಿವಮೊಗ್ಗದಲ್ಲೇ ಬಿ.ಎ.ಗೆ ಸಮಾಜಶಾಸ್ತ್ರ ಆರಿಸಿಕೊಂಡು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಅದನ್ನೋ ಸಮಾಜಕಾರ್ಯವನ್ನೋ ಮುಂದುವರಿಸಬಹುದು. ಬೋಧಕರಾಗ ಬಯಸುವವರಿಗೆ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಗೃಹವಿಜ್ಞಾನವೇ ಒಂದು ವಿಷಯ.

ಆದರೆ ಪದವಿಯ ವರ್ಷಗಳನ್ನು ಮದುವೆಗೆ ಮುಂಚಿನ ಕಾಯುವ ಕೊಠಡಿ ಮಾಡಿಕೊಂಡರೆ ಸ್ನಾತಕೋತ್ತರ ಬಾಗಿಲು ತೆರೆಯುವುದಿಲ್ಲ. ಸಂಖ್ಯಾಶಾಸ್ತ್ರಕ್ಕೆ ಹೆದರಿ ಓಡಬೇಡಿ. ಸಂಶೋಧನೆಗೆ ಅದೇ ಬೆನ್ನೆಲುಬು, ಹೆಚ್ಚಿನವರು ಮುಗ್ಗರಿಸುವುದೂ ಅಲ್ಲಿಯೇ. ಇಂಗ್ಲಿಷ್ ಲೇಖನಗಳನ್ನು ವಾರಕ್ಕೆ ಒಂದಾದರೂ ನಿಧಾನವಾಗಿ ಓದಿ. ನಿಮ್ಮ ಬರವಣಿಗೆ ನೋಡಿರುವ ಒಬ್ಬ ಅಧ್ಯಾಪಕರಾದರೂ ಇರಲಿ, ನಾಳೆ ಶಿಫಾರಸು ಪತ್ರ ಕೊಡುವವರು ಅವರೇ. ಮನೆಗಳಿಗೆ ಹೋಗಿ ಬುದ್ಧಿವಾದ ಹೇಳದೆ ಕೇಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಿ. ನನಗೆ ಇಂದಿಗೂ ಅದು ಪೂರ್ತಿ ಬಂದಿಲ್ಲ. ಕೇಳಿದ್ದನ್ನು ಹೊರಗೆ ಆಡಬಾರದು ಎಂಬುದು ಪಾಪನಿವೇದನೆಗೆ ಮಾತ್ರವಲ್ಲ, ಈ ವಿದ್ಯೆಗೂ ನಿಯಮ. ಇದು ಹೆಣ್ಣುಮಕ್ಕಳ ಓದೆಂದು ಗಂಡುಮಕ್ಕಳನ್ನು ತಡೆಯುವ ತಂದೆಯರಿಗೆ ಒಂದೇ ಪ್ರಶ್ನೆ: ಕುಟುಂಬ ಹೆಣ್ಣಿನದು ಮಾತ್ರವೇ?

ಆ ತಾಯಿ ಕೊನೆಗೆ, "ಹಾಸ್ಟೆಲ್ ಖರ್ಚು ಹೇಗೆ ಫಾದರ್?" ಎಂದರು. ಅದು ನ್ಯಾಯವಾದ ಪ್ರಶ್ನೆ. ವಿದ್ಯಾರ್ಥಿವೇತನದ ಅರ್ಜಿಗಳನ್ನು ಸೇರಿ ತುಂಬೋಣ ಎಂದು ಒಪ್ಪಿಕೊಂಡೆ. ಮಗಳಿಗೆ ಒಂದು ಕೆಲಸ ಕೊಟ್ಟೆ. ಅವಳ ತಾತ ಕಾರ್ಖಾನೆಯಿಂದ ನಿವೃತ್ತರಾದವರು. ಅವರ ಮೊದಲ ಸಂಬಳದಿಂದ ಹಿಡಿದು ಮನೆಯ ಕಥೆಯನ್ನು ಕೇಳಿ ಬರೆದಿಡು ಎಂದೆ. ಮೊದಲ ಎರಡು ದಿನ ತಾತ, "ಅದೆಲ್ಲ ಯಾಕೆ ಈಗ?" ಎಂದು ಗದರಿದರಂತೆ. ಈಗ ಸಂಜೆಯಾದರೆ ಅವರೇ, "ಪುಸ್ತಕ ತಾ" ಎನ್ನುತ್ತಾರಂತೆ.