ನಗರ ಸಂಚಾರದಲ್ಲಿ ವಲಯ ದರ ಪದ್ಧತಿ

ಬಸ್ಸಿನಲ್ಲಿ ಕಂಡಕ್ಟರು ಕೊಡುವ ಟಿಕೆಟ್ಟಿನ ಬೆಲೆ ಹೇಗೆ ನಿರ್ಧಾರವಾಗುತ್ತದೆಂದು ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ನಮ್ಮ ಬಸ್ಸುಗಳಲ್ಲಿ ರೂಢಿಯಲ್ಲಿರುವುದು ಹಂತದ ಪದ್ಧತಿ. ಎಷ್ಟು ಹಂತ ದಾಟಿದೆವೋ ಅಷ್ಟಕ್ಕೆ ಹಣ. ಆದರೆ ಲಂಡನ್, ಪ್ಯಾರಿಸ್ ಮುಂತಾದ ಮಹಾನಗರಗಳಲ್ಲಿ ಬೇರೊಂದು ಕ್ರಮ ಬೆಳೆದು ಬಂದಿದೆ. ಅಲ್ಲಿ ದಾರಿಯನ್ನು ಅಳೆಯುವುದಿಲ್ಲ, ಊರನ್ನೇ ವಿಭಾಗಿಸುತ್ತಾರೆ. ಕೊಳಕ್ಕೆ ಕಲ್ಲೆಸೆದಾಗ ಏಳುವ ಅಲೆಗಳಂತೆ ನಗರದ ನಡುಭಾಗದ ಸುತ್ತ ಉಂಗುರಗಳನ್ನು ಎಳೆದು, ನಡುವಣದನ್ನು ಒಂದನೆಯ ವಲಯವೆಂದೂ, ಅದರಾಚೆಯದನ್ನು ಎರಡನೆಯದೆಂದೂ ಕರೆಯುತ್ತಾರೆ. ಪ್ರಯಾಣಿಕನು ಯಾವ ಯಾವ ವಲಯಗಳಲ್ಲಿ ಸಂಚರಿಸುತ್ತಾನೆಂಬುದರ ಮೇಲೆ ದರ ನಿಲ್ಲುತ್ತದೆ.

ಇದರ ದೊಡ್ಡ ಅನುಕೂಲವೆಂದರೆ ಗಾಡಿ ಬದಲಿಸಿದಾಗಲೆಲ್ಲ ಹೊಸ ಟಿಕೆಟ್ಟು ಕೊಳ್ಳಬೇಕಾಗಿಲ್ಲ. ಪಾಸು ಪಡೆದವನು ಆ ವಲಯಗಳೊಳಗೆ ಬಸ್ಸಿನಿಂದ ರೈಲಿಗೆ, ರೈಲಿನಿಂದ ಬಸ್ಸಿಗೆ ಸಲೀಸಾಗಿ ಹತ್ತಿಳಿಯಬಹುದು. ದೋಷವೂ ಇಲ್ಲದಿಲ್ಲ. ಗೆರೆಯ ಈಚೆಯ ನಿಲ್ದಾಣದಿಂದ ಆಚೆಯ ನಿಲ್ದಾಣಕ್ಕೆ ಒಂದೇ ಮೈಲಿಯಾದರೂ ಹೆಚ್ಚು ಹಣ. ಒಂದೇ ವಲಯದೊಳಗೆ ನಾಲ್ಕಾರು ಮೈಲಿ ಹೋದರೂ ಅದೇ ಹಣ. ಆದುದರಿಂದ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಬರಿಯ ಗಣಿತದ ಪ್ರಶ್ನೆಯಲ್ಲ. ಯಾರ ಪ್ರಯಾಣದ ಖರ್ಚನ್ನು ಯಾರು ಹೊರಬೇಕೆಂಬ ಪ್ರಶ್ನೆ ಅದರೊಳಗೆ ಅಡಗಿದೆ.

ಲಂಡನ್ನಿನಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತು. 1981ರ ಅಕ್ಟೋಬರಿನಲ್ಲಿ ಗ್ರೇಟರ್ ಲಂಡನ್ ಕೌನ್ಸಿಲ್ ಬಸ್ಸು ಮತ್ತು ಸುರಂಗ ರೈಲಿನ ದರಗಳನ್ನು ಸುಮಾರು ಮೂರರಲ್ಲೊಂದು ಭಾಗದಷ್ಟು ಇಳಿಸಿ, ನಗರದ ನಡುಭಾಗದಲ್ಲಿ ವಲಯಗಳನ್ನು ಏರ್ಪಡಿಸಿತು. ಇದರಿಂದಾದ ಕೊರತೆಯನ್ನು ಆಸ್ತಿಯ ಮೇಲಿನ ಕಂದಾಯವನ್ನು ಹೆಚ್ಚಿಸಿ ತುಂಬಬೇಕಾಯಿತು. ಹೊರವಲಯದ ಬ್ರಾಮ್ಲಿ ಎಂಬ ಪ್ರದೇಶದ ಆಡಳಿತವು ಇದನ್ನು ಪ್ರತಿಭಟಿಸಿತು. ಅಲ್ಲಿ ಸುರಂಗ ರೈಲಿನ ಒಂದು ನಿಲ್ದಾಣವೂ ಇರಲಿಲ್ಲ. ತಮಗಿಲ್ಲದ ರೈಲಿಗೆ ತಾವೇಕೆ ಕಂದಾಯ ತೆರಬೇಕು? ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೂ ಬೀದಿಯಲ್ಲಿ ಮೋಟಾರುಗಳ ನೂಕುನುಗ್ಗಲು ಕಡಮೆಯಾದರೆ ಅದರ ಲಾಭ ರೈಲು ಹತ್ತದವನಿಗೂ ಇದೆಯಷ್ಟೆ! ಮೊಕದ್ದಮೆ ಪ್ರಭುಸಭೆಯ ನ್ಯಾಯಾಧೀಶರವರೆಗೆ ಹೋಗಿ, 1981ರ ಡಿಸೆಂಬರಿನಲ್ಲಿ ಬ್ರಾಮ್ಲಿಯ ಪರವಾಗಿ ತೀರ್ಪಾಯಿತು. 1969ರ ಶಾಸನದ ಪ್ರಕಾರ ಸಂಚಾರ ವ್ಯವಸ್ಥೆಯನ್ನು ಮಿತವ್ಯಯದಿಂದ ನಡೆಸಬೇಕೆಂಬ ಹೊಣೆಯನ್ನು ಕೌನ್ಸಿಲ್ ಮೀರಿದೆಯೆಂಬುದು ಅದರ ತಿರುಳು. 1982ರ ಮಾರ್ಚಿನಲ್ಲಿ ದರಗಳು ಹೆಚ್ಚುಕಡಮೆ ಇಮ್ಮಡಿಯಾದವು.

ಆದರೆ ವಲಯದ ಕಲ್ಪನೆ ಸಾಯಲಿಲ್ಲ. 1983ರ ಮೇ ತಿಂಗಳಿನಲ್ಲಿ ದರಗಳು ಮತ್ತೆ ಇಳಿದು, ಟ್ರಾವೆಲ್‌ಕಾರ್ಡ್ ಎಂಬ ವಲಯದ ಪಾಸು ಜಾರಿಗೆ ಬಂತು. 1991ರಲ್ಲಿ ಆರನೆಯ ವಲಯ ಹುಟ್ಟಿತು.

ಗೆರೆಯ ಮಹತ್ವವನ್ನು ತಿಳಿಯಬೇಕಾದರೆ ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್ ನಿಲ್ದಾಣವನ್ನು ನೋಡಬೇಕು. ಮೂರನೆಯ ವಲಯದಲ್ಲಿದ್ದ ಇದನ್ನೂ ನೆರೆಯ ಕೆಲವು ನಿಲ್ದಾಣಗಳನ್ನೂ 2016ರ ಜನವರಿಯಲ್ಲಿ ಎರಡು ಮತ್ತು ಮೂರನೆಯ ವಲಯಗಳ ಗಡಿಗೆ ಸೇರಿಸಿದರು. ಗಡಿ ನಿಲ್ದಾಣದ ಸ್ವಾರಸ್ಯವೇನೆಂದರೆ, ಒಳಗಿನಿಂದ ಬಂದವನಿಗೆ ಅದು ಎರಡನೆಯ ವಲಯ, ಹೊರಗಿನಿಂದ ಬಂದವನಿಗೆ ಮೂರನೆಯದು. ಎರಡು ಕಡೆಯವರಿಗೂ ಲಾಭ. ನಿಲ್ದಾಣ ಒಂದಂಗುಲವೂ ಕದಲಲಿಲ್ಲ, ಟಿಕೆಟ್ಟಿನ ಬೆಲೆ ಮಾತ್ರ ಇಳಿಯಿತು.

ಪ್ಯಾರಿಸ್ಸಿನವರು ಇನ್ನೂ ಮುಂದೆ ಹೋದರು. 1975ರಲ್ಲಿ ಅವರು ‘ಕಾರ್ತ್ ಒರಾಂಜ್’ ಎಂಬ ವಲಯದ ಪಾಸನ್ನು ತಂದಿದ್ದರು. ಮನೆ ಬಾಡಿಗೆ ಹೆಚ್ಚಾದಂತೆ ಬಡವರು ನಗರದಿಂದ ದೂರ ಸರಿಯುತ್ತಾರೆ. ದೂರ ಸರಿದಷ್ಟೂ ಪಾಸು ದುಬಾರಿ. ಎರಡು ಕಡೆಯಿಂದಲೂ ಪೆಟ್ಟು ತಿನ್ನುವವರು ಅವರೇ. 2015ರ ಸೆಪ್ಟೆಂಬರಿನಲ್ಲಿ ಎಲ್ಲ ವಲಯಗಳ ಮಾಸಿಕ ಪಾಸಿಗೂ 70 ಯೂರೋಗಳ ಒಂದೇ ದರವನ್ನು ಗೊತ್ತುಮಾಡಲಾಯಿತು. ಅದಕ್ಕೆ ಮೊದಲು ಐದು ವಲಯಗಳ ಪಾಸಿಗೆ 116 ಯೂರೋಗಳಿಗೂ ಮಿಗಿಲಾಗಿ ತೆರಬೇಕಾಗಿತ್ತು. ಇದಕ್ಕೆ ಬೇಕಾದ ಹಣದಲ್ಲಿ ಒಂದು ಪಾಲನ್ನು, ಕೆಲಸಗಾರರ ಸಂಬಳದ ಮೊತ್ತಕ್ಕನುಸಾರವಾಗಿ ಮಾಲಿಕರು ತೆರುವ ಸಂಚಾರ ತೆರಿಗೆಯನ್ನು ಹೆಚ್ಚಿಸಿ ಒದಗಿಸಿದರು. ಬ್ರಾಮ್ಲಿಯ ಮನೆಯೊಡೆಯನು ಒಲ್ಲೆನೆಂದ ಹೊರೆಯನ್ನು ಇಲ್ಲಿ ಕಾರ್ಖಾನೆ ಕಚೇರಿಗಳ ಒಡೆಯರು ಹೊತ್ತರು. 2025ರ ಜನವರಿಯಿಂದ ಬಿಡಿ ಟಿಕೆಟ್ಟಿನಲ್ಲಿಯೂ ವಲಯವನ್ನು ತೆಗೆದುಹಾಕಿ, ವಿಮಾನ ನಿಲ್ದಾಣಗಳ ಪ್ರಯಾಣವೊಂದನ್ನುಳಿದು, ರೈಲಿಗೆ ಎರಡೂವರೆ ಯೂರೋ, ಬಸ್ಸಿಗೆ ಎರಡು ಯೂರೋ ಎಂದು ಇಡೀ ಪ್ರಾಂತಕ್ಕೆ ಗೊತ್ತುಮಾಡಿದರು. ದೂರದಿಂದ ಬರುವವನಿಗೆ ಇದರಿಂದ ಉಳಿತಾಯವಾಯಿತು. ನಡುನಗರದಲ್ಲಿ ಎರಡು ನಿಲ್ದಾಣಗಳಷ್ಟೇ ಹೋಗುವವನು ಮೊದಲಿಗಿಂತ ಹೆಚ್ಚು ಕೊಡಬೇಕಾಯಿತು.