ಸಂತೆಗೆ ಮುಂಚೆಯೇ ಸೋರುವ ದುಡ್ಡು

ವಿದೇಶದ ಸಂತೆಯಲ್ಲಿ ನಾವು ಚೌಕಾಸಿಗೆ ನಿಲ್ಲುವ ಹೊತ್ತಿಗೆ ದುಡ್ಡು ಸೋರಬೇಕಾದಷ್ಟು ಸೋರಿರುತ್ತದೆ. ವಿಯೆಟ್ನಾಂನ ಬಾಕ್ ಹಾ ಸಂತೆಯಲ್ಲಿ ಕೂಡಿ ಕಳೆದು ನೋಡಿದಾಗ ನನಗೆ ಕಂಡದ್ದು ಇದೇ.

ಚೀನಾ ಗಡಿಗೆ ಹತ್ತಿರದ ಗುಡ್ಡಗಾಡಿನ ಊರು ಅದು. ಭಾನುವಾರ ಬಂತೆಂದರೆ ಹ್ಮಾಂಗ್ ಹೆಂಗಸರು ನೆರಿಗೆ ಲಂಗ ತೊಟ್ಟು ಸುತ್ತಲ ಹಳ್ಳಿಗಳಿಂದ ಬಂದು ಸೇರುತ್ತಾರೆ. ಒಂದು ಕಡೆ ಎಮ್ಮೆ, ಕೋಣಗಳ ವ್ಯಾಪಾರ. ಇನ್ನೊಂದು ಕಡೆ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಮೆಕ್ಕೆಜೋಳದ ಸಾರಾಯಿ. ಕಸೂತಿ ಚೀಲವೊಂದನ್ನು ಎತ್ತಿಕೊಂಡು ಒಳಮಗ್ಗುಲು ತಿರುಗಿಸಿದೆ. ದಾರದ ಗಂಟುಗಳು ಅಡ್ಡಾದಿಡ್ಡಿ ಇದ್ದವು, ಕೈಕೆಲಸವೇ. ಮಾರುವಾಕೆ ಕ್ಯಾಲ್ಕುಲೇಟರ್‌ನಲ್ಲಿ 3,50,000 ಒತ್ತಿ ನನ್ನ ಕೈಗಿಟ್ಟಳು. ನಾನು 2,50,000 ಒತ್ತಿದೆ. ನಕ್ಕಳು. ಕೊನೆಗೆ 3,00,000 ಡಾಂಗ್‌ಗೆ ಕುದುರಿತು.

ಒಂದು ರೂಪಾಯಿಗೆ ಸುಮಾರು 300 ಡಾಂಗ್. ಅಂದರೆ ಚೀಲಕ್ಕೆ ಸಾವಿರ ರೂಪಾಯಿ, ಚೌಕಾಸಿಯಿಂದ ಉಳಿದದ್ದು 165ರ ಆಸುಪಾಸು.

ಈಗ ಕಾರ್ಡಿನ ಕಥೆ ನೋಡಿ. ನಮ್ಮ ಬಹುತೇಕ ಕಾರ್ಡುಗಳಿಗೆ ವಿದೇಶಿ ವಹಿವಾಟಿನ ಮೇಲೆ ಶೇ 3.5ರವರೆಗೆ ಶುಲ್ಕ, ಆ ಶುಲ್ಕಕ್ಕೆ ಶೇ 18 ಜಿಎಸ್‌ಟಿ. 30 ಲಕ್ಷ ಡಾಂಗ್, ಅಂದರೆ 10,000 ರೂಪಾಯಿ ತೆಗೆದರೆ 413 ರೂಪಾಯಿ ಅಲ್ಲೇ ಹೋಯಿತು. ಎಟಿಎಂ ಶುಲ್ಕ ಬೇರೆ. ‘ರೂಪಾಯಿ ಲೆಕ್ಕದಲ್ಲೇ ಕಡಿತ ಮಾಡಲೇ?’ ಎಂದು ಯಂತ್ರ ಕೇಳಿದಾಗ ಹೂಂ ಅಂದರೆ ವಿನಿಮಯ ದರದಲ್ಲೂ ಪೆಟ್ಟು. ಅಲ್ಲಿ ಆರಿಸಬೇಕಾದದ್ದು ಡಾಂಗ್ ಅನ್ನೇ.

ಅದಕ್ಕೇ ನಾನು ಡಾಲರ್ ಒಯ್ದು ಹನೋಯ್‌ನ ಬ್ಯಾಂಕಿನಲ್ಲಿ ಬದಲಾಯಿಸಿಕೊಂಡಿದ್ದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ನೋಟುಗಳಲ್ಲಿ ಒಯ್ಯಬಹುದು. ಉಳಿದ ಖರ್ಚಿಗೆ ವಿದೇಶಿ ಶುಲ್ಕವಿಲ್ಲದ ಕಾರ್ಡ್ ಇದ್ದರೆ ಸಾಕು.

ನೋಟು ಎಣಿಸುವಾಗಲೂ ಎಚ್ಚರ ಬೇಕು. 20,000 ಮತ್ತು 5,00,000ದ ನೋಟುಗಳೆರಡೂ ನೀಲಿ, ಎರಡರಲ್ಲೂ ಹೊ ಚಿ ಮಿನ್ ಮುಖ. ಒಂದರ ಬೆಲೆ ಇನ್ನೊಂದರ 25 ಪಟ್ಟು. ದೊಡ್ಡ ನೋಟನ್ನು ಬೇರೆ ಜೇಬಿನಲ್ಲಿಡಿ. ಸಂತೆಯಲ್ಲಿ ಐದು ಲಕ್ಷಕ್ಕೆ ಚಿಲ್ಲರೆ ಸಿಗುವುದೂ ಕಷ್ಟ.

ಚೌಕಾಸಿ ಬೇಡವೆನ್ನುತ್ತಿಲ್ಲ, ಅದಿಲ್ಲದೆ ಸಂತೆಯೇ ಸಪ್ಪೆ. ಆದರೆ ಅರ್ಧ ಗಂಟೆ ಜಗ್ಗಾಡಲೇಬೇಕಿದ್ದರೆ ಊರು ಬಿಡುವ ಮೊದಲು ಮೂರು ಕಡೆ ಡಾಲರ್ ದರ ವಿಚಾರಿಸಿ. ಕಸೂತಿಯವಳ ಹತ್ತಿರ ಹತ್ತು ನಿಮಿಷ ಸಾಕು.